ಹೊಸ್ತಿಲಲ್ಲಿ ನಿಂತು ಕೇಳುತ್ತಿದ್ದ ಅಕ್ಕಾರು

ನಮ್ಮ ಅಕ್ಕಾರು ನಿವೃತ್ತರಾದ ದಿನವೂ ಹೊಸ್ತಿಲಲ್ಲೇ ನಿಂತಿದ್ದರು. ಸಭಾಂಗಣದ ತುಂಬ ಜನ. ವೇದಿಕೆಯ ಮೇಲೆ ಅವರಿಗೆಂದೇ ಇಟ್ಟ ಕುರ್ಚಿ, ಪಕ್ಕದ ಮೇಜಿನ ಮೇಲೆ ಶಾಲು, ಹಾರ, ಹಣ್ಣಿನ ಬುಟ್ಟಿ. ಸನ್ಮಾನ ಮಾಡಿಸಿಕೊಳ್ಳಬೇಕಾದವರು ಮಾತ್ರ ಬಾಗಿಲ ಹೊರಗೆ ನಿಂತು, ಸೆರಗು ಸರಿಮಾಡಿಕೊಂಡು, ಒಳಗೆ ಇಣುಕಿ ಕೇಳುತ್ತಿದ್ದಾರೆ: "ಒಳಗ ಬರ್ಲೇನ್ರಿ?"

ಇಡೀ ಸಭೆ ಹೋ ಎಂದು ನಕ್ಕಿತು. "ಬರ್ರಿ ಅಕ್ಕಾರ, ಬರ್ರಿ" ಎಂದು ಹಳೆಯ ವಿದ್ಯಾರ್ಥಿನಿಯರು ಕೂಗಿದರು. ಹೊಸದಾಗಿ ಸೇರಿದ ಅಧ್ಯಾಪಕರಿಗೆ ಇದೇನು ತಮಾಷೆ ಎಂದು ತಿಳಿಯಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ. ಆ ಪ್ರಶ್ನೆಯ ಬೆಲೆ ನನಗೆ ಗೊತ್ತಿತ್ತು. ಒಂದು ಕಾಲಕ್ಕೆ ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗವನ್ನು ಉಳಿಸಿದ್ದೇ ಅದು.

ನಮ್ಮ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕಾರು ಎನ್ನುತ್ತೇವೆ. ನಮ್ಮ ದಾಂಡೇಲಿಯ ಕಾಲೇಜಿನಲ್ಲಿ ಹಾಗೆ ಕರೆಯಿಸಿಕೊಳ್ಳುವವರು ಬಹಳ ಜನ ಇದ್ದರೂ ಬರೇ "ಅಕ್ಕಾರು" ಎಂದರೆ ಇವರೊಬ್ಬರೇ. ನಾನು ಅಲ್ಲಿ ಕನ್ನಡ ಕಲಿಸುತ್ತಿದ್ದೆ. ಅವರು ಕಂಪ್ಯೂಟರ್. ಸ್ಟಾಫ್ ರೂಮಿನಲ್ಲಿ ನನ್ನ ಮೇಜಿನ ಎದುರಿಗೇ ಅವರ ಮೇಜು. ಅವರ ಮೇಜಿನ ಮೇಲೆ ಒಂದು ಸ್ಟೀಲಿನ ಥರ್ಮಾಸು, ಒಂದು ಸಕ್ಕರೆ ಡಬ್ಬಿ, ಫ್ಲಾಪಿಗಳ ಪೆಟ್ಟಿಗೆ. ಮಧ್ಯಾಹ್ನವಾದರೆ ಜೋಳದ ರೊಟ್ಟಿ, ಶೇಂಗಾ ಹಿಂಡಿ. ಕಂಪ್ಯೂಟರ್ ಕಲಿಸುವವರೆಂದರೆ ಬೂಟು ಟಕಟಕ ಅನ್ನಿಸುತ್ತ ಓಡಾಡುವ ಹುಡುಗರೆಂದು ತಿಳಿದಿದ್ದ ನನಗೆ ಈ ಹೆಂಗಸು ಮೊದಮೊದಲು ನಂಬಿಕೆಯನ್ನೇ ಹುಟ್ಟಿಸಲಿಲ್ಲ.

ಅವರು ಧಾರವಾಡದ ಹತ್ತಿರದ ಹಳ್ಳಿಯವರು. ಕಾಗದದ ಗಿರಣಿಯಲ್ಲಿ ಕೆಲಸ ಮಾಡುವವರನ್ನು ಮದುವೆಯಾಗಿ ದಾಂಡೇಲಿಗೆ ಬಂದರು. ಗಿರಣಿಯ ಭೋಂಗಾ ಕೂಗಿದಾಗ ಊರೇ ಏಳುವುದು, ಉಣ್ಣುವುದು, ಮಲಗುವುದು. ಕಾರ್ಮಿಕರ ಚಾಳಿನಲ್ಲಿ ಸಾಲಾಗಿ ಮನೆಗಳು. ರಾತ್ರಿ ಪಾಳಿ ಮುಗಿಸಿ ಬಂದ ಗಂಡಸರು ಹಗಲಿಡೀ ಹೊರಗಿನ ಖೋಲಿಯಲ್ಲೇ ಮಲಗಿರುತ್ತಿದ್ದರು. ಹೀಗಾಗಿ ಅಲ್ಲಿ ಒಂದು ಪದ್ಧತಿ. ಯಾರೂ ಬಾಗಿಲು ಬಡಿಯುವಂತಿಲ್ಲ, ಸೀದಾ ನುಗ್ಗುವಂತೆಯೂ ಇಲ್ಲ. ಹೊಸ್ತಿಲಲ್ಲಿ ನಿಂತು ಸಣ್ಣ ದನಿಯಲ್ಲಿ ಕೇಳಬೇಕು. ಒಳಗಿನವರು "ಬರ್ರಿ" ಅನ್ನುವ ತನಕ ಕಾಯಬೇಕು.

ಹೊಸ ಮದುಮಗಳಿಗೆ ಇದು ಗೊತ್ತಿರಲಿಲ್ಲ. ಬಂದ ವಾರದಲ್ಲೇ ಪಕ್ಕದ ಮನೆಗೆ ಹಾಲಿಗೆ ಹೆಪ್ಪು ಕೇಳಲು ಸರಸರ ಹೋಗಿ, ಕತ್ತಲೆ ಖೋಲಿಯಲ್ಲಿ ಮಲಗಿದ್ದ ಆ ಮನೆಯ ಯಜಮಾನರ ಹೊಟ್ಟೆಯ ಮೇಲೆ ಕಾಲಿಟ್ಟರು. "ಅವರು ಚೀರಿದ್ದಕ್ಕ ಮಂದಿ ಗಿರಣಿ ಭೋಂಗಾ ಆತು ಅಂತ ಬುತ್ತಿ ಡಬ್ಬಿ ತಗೊಂಡು ಹೊಂಟಿದ್ರು ಸರ್ರ" ಎಂದು ಅಕ್ಕಾರು ಈ ಕತೆಯನ್ನು ತಾವೇ ಹೇಳಿ ನಗುತ್ತಿದ್ದರು. ಅವತ್ತಿನಿಂದ ಅವರು ಯಾವ ಬಾಗಿಲನ್ನೂ ಕೇಳದೆ ದಾಟಲಿಲ್ಲ. ಗುಮಾಸ್ತರ ಖೋಲಿ ಇರಲಿ, ಕಸಗುಡಿಸುವ ಮಾವಶಿಯ ಮನೆ ಇರಲಿ, ತಮ್ಮದೇ ಕ್ಲಾಸು ಇರಲಿ, ಹೊಸ್ತಿಲಲ್ಲಿ ನಿಂತು ಕೇಳಿಯೇ ಒಳಗೆ ಬರುವುದು.

ಚಹದ ವಿಷಯದಲ್ಲೂ ಹಾಗೆಯೇ. ಥರ್ಮಾಸು ತೆರೆದರೆಂದರೆ ದಿನಾಲೂ ಪ್ರತಿಯೊಬ್ಬರನ್ನೂ ಕೇಳುವರು: "ಸಕ್ಕರಿ ಎಷ್ಟು?" ವರ್ಷಗಟ್ಟಲೆ ಎರಡೇ ಚಮಚ ಕುಡಿದ ನನಗೆ ಒಂದು ದಿನ ಸಿಟ್ಟು ಬಂತು.

"ಅಕ್ಕಾರ, ನಿಮಗ ಗೊತ್ತಿಲ್ಲೇನ್ರಿ? ಕೇಳಿ ಕೇಳಿ ಚಾ ಆರಸ್ತೀರಿ."

"ನಿನ್ನಿ ಎರಡ ಇತ್ತು, ಖರೆ ಐತ್ರಿ ಸರ್ರ. ಇವತ್ತ ಎಷ್ಟ ಐತಿ ಅನ್ನೂದು ನೀವ ಹೇಳಬೇಕಲ್ಲ?"

ಮುಂದೆ ಡಾಕ್ಟರು ನನಗೆ ಸಕ್ಕರೆ ಬಿಡಿಸಿದರು. ಅದನ್ನು ಸ್ಟಾಫ್ ರೂಮಿನಲ್ಲಿ ಸಾರಿಕೊಂಡು ತಿರುಗುವ ಕಷ್ಟ ನನಗೆ ಬರಲೇ ಇಲ್ಲ. ಮರುದಿನ ಅವರು ಕೇಳಿದರು, ನಾನು "ಬ್ಯಾಡ" ಅಂದೆ, ಅವರು ಹಾಕಲಿಲ್ಲ. ಆಗ ಆ ಪ್ರಶ್ನೆ ಎಷ್ಟು ಹಿತವೆನಿಸಿತು ಎಂದರೆ ಮುಂಚಿನ ನನ್ನ ಸಿಡುಕೆಲ್ಲ ಚಹದ ಜೊತೆ ಗಂಟಲೊಳಗೆ ಇಳಿದುಹೋಯಿತು.

ಇಂಥವರ ಕೈಯಲ್ಲಿ ಬೆಳೆದವಳು ರೇಣುಕಾ. ಸಾಂಬ್ರಾಣಿಯ ಹುಡುಗಿ, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಎರಡನೆಯ ವರ್ಷದಲ್ಲಿ ಒಮ್ಮೆಲೇ ಬರುವುದನ್ನು ಬಿಟ್ಟಳು. "ಮದುವಿ ಗೊತ್ತಾಗಿರಬೇಕು ಬಿಡ್ರಿ" ಎಂದು ನಾವೆಲ್ಲ ತೀರ್ಮಾನಿಸಿ ಹಾಜರಿ ಕರೆಯುವಾಗ ಅವಳ ಹೆಸರು ಹಾರಿಸತೊಡಗಿದೆವು. ಅಕ್ಕಾರು ಮಾತ್ರ ಒಂದು ಭಾನುವಾರ ಬಸ್ಸು ಹತ್ತಿ ಸಾಂಬ್ರಾಣಿಗೆ ಹೋದರು. ಅವಳ ಮನೆಯ ಹೊಸ್ತಿಲಲ್ಲಿ ನಿಂತು ಕೇಳಿದರು. ಮದುವೆಯೂ ಇಲ್ಲ, ಮಣ್ಣೂ ಇಲ್ಲ. ಹುಡುಗಿಗೆ ಕಣ್ಣು ಮಂಜಾಗಿತ್ತು. ಹಲಗೆಯೂ ಕಾಣಿಸದು, ಕಂಪ್ಯೂಟರಿನ ಅಕ್ಷರವೂ ಕಾಣಿಸದು. ಚಷ್ಮಾ ಹಾಕಿದರೆ ಗಂಡು ಸಿಗುವುದಿಲ್ಲವೆಂದು ಅವ್ವ ಹೆದರಿ ಮನೆಯಲ್ಲೇ ಕೂರಿಸಿದ್ದಳು.

"ಚಷ್ಮಾ ಹಾಕ್ಕೊಂಡ್ರ ಗಂಡು ಸಿಗೂದಿಲ್ಲ ಅಂತ ಯಾರ ಹೇಳ್ಯಾರವಾ? ಯಾವರೆ ಗಂಡಿನ್ನ ಕೇಳೀಯೇನ?" ಎಂದರಂತೆ ಅಕ್ಕಾರು. ಅವ್ವ ಯಾರನ್ನೂ ಕೇಳಿರಲಿಲ್ಲ. ಮುಂದಿನ ವಾರ ರೇಣುಕಾ ದಪ್ಪ ಕಪ್ಪು ಚೌಕಟ್ಟಿನ ಚಷ್ಮಾ ಹಾಕಿಕೊಂಡು ಕ್ಲಾಸಿನಲ್ಲಿ ಕೂತಿದ್ದಳು. ನಾವು ಹಿರಿಯರು ಹಾಜರಿ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡೆವು. ಬಾಯಿ ಇದ್ದವ ಬರಗಾಲದಲ್ಲೂ ಬದುಕಿದ ಎಂಬ ಗಾದೆಯನ್ನು ಕ್ಲಾಸಿನಲ್ಲಿ ವಿವರಿಸುತ್ತಿದ್ದವನು ನಾನು, ಬದುಕಿ ತೋರಿಸುತ್ತಿದ್ದವರು ಅವರು.

ಇನ್ನು ವಿಭಾಗ ಉಳಿದ ಆ ವರ್ಷದ ಮಾತು. ಕಂಪ್ಯೂಟರ್ ಕೋರ್ಸಿಗೆ ಅಲ್ಲಿಯ ತನಕ ಇದ್ದದ್ದು ತಾತ್ಕಾಲಿಕ ಮಾನ್ಯತೆ. ಪರಿಶೀಲನಾ ಸಮಿತಿ ಬರುತ್ತದೆ, ವಿದ್ಯಾರ್ಥಿಗಳು ತಾವೇ ಮಾಡಿದ ಒಂದು ಕೆಲಸವನ್ನು ಅದರ ಕಣ್ಣೆದುರು ನಡೆಸಿ ತೋರಿಸಿದರೆ ಕೋರ್ಸು ಉಳಿಯುತ್ತದೆ, ಇಲ್ಲವಾದರೆ ಮುಚ್ಚುತ್ತದೆ ಎಂದು ಸುದ್ದಿ ಬಂತು. ಮುಚ್ಚಿದರೆ ಓದುವವರು ಧಾರವಾಡಕ್ಕೋ ಬೆಳಗಾವಿಗೋ ಹೋಗಬೇಕು. ರೇಣುಕಾಳ ಅಪ್ಪ ಮೊದಲೇ ಹೇಳಿಬಿಟ್ಟಿದ್ದ: "ದಾಂಡೇಲಿ ಆದ್ರ ಹೋಗಿ ಸಂಜಿಗೆ ಬರ್ತಾಳ್ರಿ. ಹಾಸ್ಟೆಲ್ ಗೀಸ್ಟೆಲ್ ಅಂದ್ರ ನಾ ಒಲ್ಲೆ." ಬಹುತೇಕ ಎಲ್ಲ ಹುಡುಗಿಯರ ಅಪ್ಪಂದಿರ ಮಾತೂ ಇದೇ. ಕೋರ್ಸು ಮುಚ್ಚಿದರೆ ಇವರ ಓದು ಅಲ್ಲಿಗೇ ನಿಲ್ಲುತ್ತಿತ್ತು.

ಹುಡುಗಿಯರು ಆರಿಸಿಕೊಂಡ ಕೆಲಸ ಚಂದವಾಗಿತ್ತು. ಆಗಷ್ಟೇ ಗಣೇಶಗುಡಿಯ ಕಡೆ ನದಿಯಲ್ಲಿ ದೋಣಿ ಆಡಲು ಹೊರಊರಿನ ಜನ ಬರತೊಡಗಿದ್ದರು. ಅವರಿಗೆಂದು ಕಂಪ್ಯೂಟರಿನಲ್ಲಿ ಒಂದು ವೆಬ್ ಪುಟ. ಪುಟದಲ್ಲಿ ಊರುಗಳ ಪಟ್ಟಿ. ಬಂದವರು ತಮಗೆ ಬೇಕಾದ ಊರನ್ನು ಆರಿಸಿದರೆ, ಕೆಳಗಿನ ನಕಾಶೆಯಲ್ಲಿ ದಾಂಡೇಲಿಯಿಂದ ಆ ಊರಿನ ತನಕ ಕೆಂಪು ಗೆರೆ ತಾನಾಗಿ ಓಡಬೇಕು. ಪಟ್ಟಿ ನೋಡಿಕೊಳ್ಳುವುದು ಜಾವಾಸ್ಕ್ರಿಪ್ಟ್, ಗೆರೆ ಎಳೆಯುವುದು ಜಾವಾ, ಎರಡೂ ಕಂಪ್ಯೂಟರಿನ ಭಾಷೆಗಳು.

"ಅಕ್ಕ ತಂಗಿ ಏನ್ರಿ ಇವು?" ಎಂದು ನಾನು ಕೇಳಿದೆ.

"ಹೆಸರು ಅಷ್ಟ ಹಂಗ ಐತ್ರಿ ಸರ್ರ, ಬಳಗ ಅಲ್ಲ. ನಮ್ಮ ಚಾಳಿನ್ಯಾಗ ಆಜೂಬಾಜೂ ಮನಿ ಇದ್ದಂಗ" ಎಂದರು ಅಕ್ಕಾರು. "ಬಂದವರು ಯಾವ ಊರ ಹೇಳಿದ್ರು ಅನ್ನೂದು ಈ ಮನ್ಯಾಗ ಒಂದ ಡಬ್ಬ್ಯಾಗ ಇರತೈತಿ. ಗೆರಿ ಎಳಿಯಾಕಿ ಆ ಮನ್ಯಾಕಿ. ಆಕಿ ಬಂದು ಇವಳನ್ನ ಕೇಳಬೇಕು, ಡಬ್ಬ್ಯಾಗ ಏನೈತಿ ಅಂತ."

ಕೇಳಬೇಕು, ಅಷ್ಟೇ. ಅಕ್ಕಾರಿಗೆ ಇದಕ್ಕಿಂತ ಪ್ರಿಯವಾದ ಕೆಲಸ ಇನ್ನೇನಿದ್ದೀತು? ಆದರೆ ಅದೇ ಕೈಕೊಟ್ಟಿತು. ಡಬ್ಬಿಗೆ ‘ಊರು’ ಎಂದು ಹೆಸರಿಟ್ಟಿದ್ದರು. ಜಾವಾದ ಕಡೆಯಿಂದ ಕೇಳುವ ಸಾಲುಗಳನ್ನು ಪುಸ್ತಕದಲ್ಲಿದ್ದಂತೆ ಬರೆದಿದ್ದರು. ಕೇಳಿದರೆ ಉತ್ತರವೇ ಇಲ್ಲ. ನಕಾಶೆ ಬರಬೇಕಾದ ಜಾಗದಲ್ಲಿ ಬರೇ ಒಂದು ಬೂದು ಚೌಕ. ಹುಡುಗಿಯರು ಅಳಿಸಿ ಬರೆದರು, ಬರೆದು ಅಳಿಸಿದರು. ಬೂದು ಚೌಕ ಮಿಸುಕಲಿಲ್ಲ. ಸಮಿತಿ ಬರುವ ದಿನ ಹತ್ತಿರವಾಗುತ್ತಿತ್ತು.

ನಮ್ಮ ಪ್ರಾಚಾರ್ಯರಿಗೆ ಎದೆ ಹೊಡೆದುಕೊಳ್ಳತೊಡಗಿತು. ಅವರು ಕೆಟ್ಟವರಲ್ಲ, ಆದರೆ ಅವಸರದ ಮನುಷ್ಯ. ಯಾವ ಬಾಗಿಲನ್ನಾದರೂ ಧಡ್ಡನೆ ನೂಕಿ, ಒಳಗೆ ಬಂದ ಮೇಲೆ ಯಾಕೆ ಬಂದೆ ಎಂದು ಯೋಚಿಸುವ ಪೈಕಿ. ಒಂದು ದಿನ ಹಾಗೆಯೇ ಸ್ಟಾಫ್ ರೂಮಿಗೆ ನುಗ್ಗಿದರು.

"ಕೇಳೂದು ಗೀಳೂದು ಬಿಡ್ರಿ ಅಕ್ಕಾರ. ಗಣೇಶಗುಡಿ ಅಂತ ಜಾವಾದಾಗನ ಗಟ್ಟಿ ಬರದು ಇಟ್ಟಬಿಡ್ರಿ. ಸಮಿತಿಯವರ ಮುಂದ ಗಣೇಶಗುಡಿನ ಆರಸ್ರಿ, ಗೆರಿ ಬರತೈತಿ, ಚಾ ಕುಡದು ಹೋಗ್ತಾರ. ಅವರಿಗೇನ ಗೊತ್ತಾಗತೈತಿ?"

"ಬಂದ ಮಂದಿ ಏನ ಕೇಳಿದ್ರೂ ಗಣೇಶಗುಡಿನ ತೋರಸೂದಾದ್ರ ಕಂಪ್ಯೂಟರ್ ಯಾಕ್ರಿ ಸರ್? ಗ್ವಾಡಿಗೆ ಒಂದ ಕ್ಯಾಲೆಂಡರ್ ಹಚ್ಚಿದ್ರ ಆತು" ಎಂದರು ಅಕ್ಕಾರು, ಥರ್ಮಾಸಿನ ಮುಚ್ಚಳ ತಿರುಗಿಸುತ್ತ.

"ಕೋರ್ಸ್ ಮುಚ್ಚಿದ್ರ?"

"ಕೋರ್ಸ್ ಉಳಸಾಕ ಹುಡುಗ್ಯಾರಿಗೆ ಸುಳ್ಳ ಕಲಿಸಿದ್ರ, ಉಳದಿದ್ದು ಏನ್ರಿ ಅದು?"

ಪ್ರಾಚಾರ್ಯರು ಮುಖ ಗಂಟು ಹಾಕಿಕೊಂಡು ಹೋದರು. ಹೋಗುವಾಗ ಬಾಗಿಲು ಬರುವಾಗಿನದಕ್ಕಿಂತ ಜೋರಾಗಿ ಬಡಿಯಿತು. ಅಕ್ಕಾರು ತಾತ್ಕಾಲಿಕ ನೇಮಕದವರು. ಇಷ್ಟು ಮಾತಾಡಿದ್ದೇ ಹೆಚ್ಚು. ಆದರೂ ಲೋಟ ತುಂಬುವ ಮೊದಲು ನನ್ನನ್ನು ಕೇಳಿದರು, "ಸಕ್ಕರಿ?"

ಮುಂದಿನ ವಾರ ಅವರು ತವರಿಗೆ ಹೋದವರು ಹಾಗೇ ಧಾರವಾಡದಲ್ಲಿ ಒಂದು ದಪ್ಪ ಪುಸ್ತಕದ ಕೆಲವು ಪುಟಗಳನ್ನು ಝೆರಾಕ್ಸ್ ಮಾಡಿಸಿಕೊಂಡು ಬಂದರು. ಮರುದಿನ ಮಧ್ಯಾಹ್ನ ರೊಟ್ಟಿ ಮುರಿಯುತ್ತ ಅದನ್ನು ಓದುತ್ತಿದ್ದರು. ಒಮ್ಮೆಲೇ ನಗತೊಡಗಿದರು. ನಗು ನಿಲ್ಲದೆ ಸೆರಗಿನಿಂದ ಕಣ್ಣು ಒರೆಸಿಕೊಂಡರು.

"ಸರ್ರ, ಇದಕ್ಕೂ ನನ್ನ ಚಟಾನ ಐತ್ರಿ!"

ವಿಷಯ ಇಷ್ಟು. ಜಾವಾ ಎಷ್ಟೇ ನಯವಾಗಿ ಕೇಳಿದರೂ ಸಾಲದು. ಪುಟದಲ್ಲಿ ಜಾವಾಕ್ಕೆ ಜಾಗ ಕೊಡುವ ಒಂದು ಸಾಲು ಇರುತ್ತದೆ. ಆ ಸಾಲಿನಲ್ಲಿ ‘ಮೇಸ್ಕ್ರಿಪ್ಟ್’ ಎಂಬ ಒಂದು ಮಾತು ಸೇರಿಸಬೇಕು. ಅಂದರೆ ಪುಟವೇ ತನ್ನ ಕಡೆಯಿಂದ "ಬಾ, ಕೇಳು" ಎಂದು ಒಪ್ಪಿಗೆ ಕೊಡಬೇಕು. ಆ ಒಪ್ಪಿಗೆ ಇಲ್ಲದಿದ್ದರೆ ಜಾವಾ ಹೊಸ್ತಿಲಲ್ಲಿ ನಿಂತೇ ಇರುತ್ತದೆ, ಡಬ್ಬಿ ಒಳಗೇ ಇರುತ್ತದೆ. ಅಕ್ಕಾರು ರೊಟ್ಟಿ ಬಿಟ್ಟು ಲ್ಯಾಬಿಗೆ ಓಡಿದರು. ಸ್ವಲ್ಪ ಹೊತ್ತಿಗೆ ಅಲ್ಲಿಂದ ಹುಡುಗಿಯರ ಕೂಗು ಕೇಳಿಸಿತು. ನಾನೂ ಓಡಿದೆ. ಬೂದು ಚೌಕ ಮಾಯವಾಗಿ ಕಾಡು, ನದಿ, ರಸ್ತೆ ಎಲ್ಲ ಮೂಡಿದ್ದವು. ಜೋಯಿಡಾ ಎಂದರೆ ಜೋಯಿಡಾದ ತನಕ ಗೆರೆ, ಹಳಿಯಾಳ ಎಂದರೆ ಹಳಿಯಾಳದ ತನಕ ಗೆರೆ. ಕನ್ನಡದ ಮೇಷ್ಟ್ರಾದ ನಾನೂ ಒಂದು ಸಲ ಚಪ್ಪಾಳೆ ತಟ್ಟಿದೆ, ಯಾಕೆ ಸುಳ್ಳು ಹೇಳಲಿ.

ಸಮಿತಿ ಬಂತು. ತೋರಿಸುವುದು ಲ್ಯಾಬಿನಲ್ಲಿ ಬೇಡ, ಫ್ಯಾನು ಇರುವ ತಮ್ಮ ಛೇಂಬರಿನಲ್ಲೇ ಆಗಲಿ ಎಂದರು ಪ್ರಾಚಾರ್ಯರು. ಅಲ್ಲಿಯ ಕಂಪ್ಯೂಟರಿನಲ್ಲಿ ಬೇಕಾದ ಸಿದ್ಧತೆಯನ್ನು ಹುಡುಗಿಯರು ಹಿಂದಿನ ದಿನವೇ ಮಾಡಿದ್ದರು. ರೇಣುಕಾ ಫ್ಲಾಪಿ ಹಿಡಿದು ಒಳಗೆ ಹೋದಳು. ಹಿರಿಯ ಅಧ್ಯಾಪಕನೆಂದು ನನ್ನನ್ನೂ ಒಂದು ಮೂಲೆಯಲ್ಲಿ ಕೂರಿಸಿದ್ದರು. ಅಕ್ಕಾರನ್ನು ಯಾರೂ ಕರೆಯಲಿಲ್ಲ. ಕರೆಯದೆ ಬರುವ ಜೀವ ಅಲ್ಲ ಅದು. ತೆರೆದ ಬಾಗಿಲ ಹೊರಗೆ, ಹೊಸ್ತಿಲಿಗೆ ಹೊಂದಿ ನಿಂತಿದ್ದರು.

ಫ್ಲಾಪಿ ಹಾಕಿದರೆ ಗರ್ರ್ ಗರ್ರ್ ಎಂದಿತು. ಜಾವಾದ ಕಡತ ಬಂತು, ಪುಟ ಬರಲಿಲ್ಲ. ಎರಡನೆಯ ಸಲವೂ ಬರಲಿಲ್ಲ. ಪ್ರಾಚಾರ್ಯರ ಹಣೆಯಲ್ಲಿ ಬೆವರು. ರೇಣುಕಾ ಮಾತ್ರ, "ಸಣ್ಣ ಪುಟ ಐತ್ರಿ ಸರ್, ಇಲ್ಲೇ ಮತ್ತ ಬರೀತೇನ್ರಿ" ಎಂದು ಕೂತಳು. ಎಲ್ಲರ ಎದುರಿಗೆ ಪಟಪಟನೆ ಬರೆದು ಮುಗಿಸಿ ಪುಟ ತೆರೆದಳು.

ಬೂದು ಚೌಕ.

ಸಮಿತಿಯ ಹಿರಿಯರು ಗಡಿಯಾರ ನೋಡಿಕೊಂಡರು. "ನಾ ಮೊದಲ ಹೇಳಿದ್ದೆ" ಎಂಬ ಮುಖ ಮಾಡಿ ಪ್ರಾಚಾರ್ಯರು ನನ್ನತ್ತ ನೋಡಿದರು. ಆ ಹುಡುಗಿಯ ಓದು, ಸಾಂಬ್ರಾಣಿಯ ಬಸ್ಸು, ಆ ಅಪ್ಪನ ಮಾತು ಎಲ್ಲ ಒಮ್ಮೆಲೇ ಕಣ್ಣ ಮುಂದೆ ಬಂದವು. ರೇಣುಕಾ ಬರೆದದ್ದನ್ನು ಮೇಲಿಂದ ಕೆಳಗೆ ಓದಿದಳು, ಮತ್ತೆ ಓದಿದಳು. ಚಷ್ಮಾ ತೆಗೆದು ದಾವಣಿಯ ತುದಿಯಿಂದ ಒರೆಸಿ ಹಾಕಿಕೊಂಡಳು. ದಿಕ್ಕು ತೋಚದೆ ಬಾಗಿಲತ್ತ ನೋಡಿದಳು.

ಬಾಗಿಲಲ್ಲಿ ಅಕ್ಕಾರು ನಿಂತಿದ್ದರು. ಏನನ್ನೂ ಸನ್ನೆ ಮಾಡಲಿಲ್ಲ, ಬಾಯಿ ತೆರೆಯಲಿಲ್ಲ. ಯಾರಾದರೂ ಬಾ ಅಂದಾರೇ ಎಂದು ಕಾಯುತ್ತ, ಯಾವತ್ತಿನಂತೆ ಹೊಸ್ತಿಲಾಚೆ ಸುಮ್ಮನೆ ನಿಂತಿದ್ದರು.

ರೇಣುಕಾ ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ಅವಳ ಮುಖ ಅರಳಿದ ರೀತಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ತಿರುಗಿ ಕೂತು ಜಾವಾಕ್ಕೆ ಜಾಗ ಕೊಡುವ ಸಾಲಿನಲ್ಲಿ ಬಿಟ್ಟುಹೋಗಿದ್ದ ಆ ಒಂದು ಮಾತನ್ನು ಸೇರಿಸಿದಳು. ಪುಟ ತೆರೆದಳು.

ಕಾಡು, ನದಿ, ರಸ್ತೆ!

"ಆರಸ್ರಿ ಸರ್, ನಿಮಗ ಬೇಕಾದ ಊರು" ಎಂದಳು. ಪ್ರಾಚಾರ್ಯರು ಅಭ್ಯಾಸಬಲದಿಂದ "ಗಣೇಶಗುಡಿ..." ಎನ್ನುವಷ್ಟರಲ್ಲಿ ಸಮಿತಿಯ ಹಿರಿಯರು ತಾವೇ ಮೌಸು ಹಿಡಿದು ಪಟ್ಟಿಯ ತೀರ ಕೆಳಗಿದ್ದ ಕ್ಯಾಸಲ್‌ರಾಕ್ ಒತ್ತಿದರು. ಕೆಂಪು ಗೆರೆ ದಾಂಡೇಲಿಯಿಂದ ಹೊರಟಿತು. ಜಗಲಬೇಟ, ರಾಮನಗರ ದಾಟಿ, ಕಾಡಿನ ನಡುವೆ ತಿರುವು ತಿರುವಾಗಿ ಓಡಿ ಕ್ಯಾಸಲ್‌ರಾಕಿನ ರೈಲು ನಿಲ್ದಾಣದ ಹತ್ತಿರ ನಿಂತಿತು. ಹಿರಿಯರು ಇನ್ನೊಂದು ಊರು ಒತ್ತಿದರು, ಗೆರೆ ಅಲ್ಲಿಗೆ ಓಡಿತು. ಮತ್ತೊಂದು ಒತ್ತಿದರು, ಅಲ್ಲಿಗೂ ಓಡಿತು. ಸಣ್ಣ ಹುಡುಗರಿಗೆ ಆಟಿಕೆ ಸಿಕ್ಕ ಹಾಗೆ ಅವರು ಮೌಸು ಬಿಡಲೇ ಒಲ್ಲರು. ಪ್ರಾಚಾರ್ಯರ ಮುಖ ನೋಡಬೇಕಿತ್ತು. ಗಣೇಶಗುಡಿಯನ್ನು ಗಟ್ಟಿ ಬರೆದಿಟ್ಟಿದ್ದರೆ ಅವತ್ತು ನಮ್ಮೆಲ್ಲರ ಮಾನ ಕಾಳಿ ನದಿಯಲ್ಲಿ ತೇಲಿಹೋಗುತ್ತಿತ್ತು.

"ಮೊದಲ ಬರಲಿಲ್ಲ, ಆಮ್ಯಾಲ ಬಂತು. ಏನ ಮಾಡಿದಿ ಯವ್ವಾ?" ಎಂದು ಹಿರಿಯರು ಕೇಳಿದರು.

"ಕೇಳೂದು ಬರದಿದ್ದೆ ಸರ್. ಬಾ ಅನ್ನೂದು ಮರತಿದ್ದೆ."

"ಯಾರ ಕಲಿಸಿದ್ರು ನಿನಗ?"

ರೇಣುಕಾ ಕುರ್ಚಿ ಬಿಟ್ಟು ಎದ್ದು ನಿಂತಳು. ಸಾಂಬ್ರಾಣಿಯ ಹೊಲದಲ್ಲಿ ಕೂಗಿದ ಹಾಗೆ, ಇಡೀ ಛೇಂಬರು ತಿರುಗಿ ನೋಡುವ ಹಾಗೆ ಕೂಗಿದಳು: "ಅಕ್ಕಾರ, ಒಳಗ ಬರ್ರಿ!"

ಅಕ್ಕಾರು ಒಳಗೆ ಬಂದರು. ಸಮಿತಿಯ ಹಿರಿಯರು ಎದ್ದು ಕೈ ಮುಗಿದರು. ನನ್ನ ಕಣ್ಣು ತುಂಬಿದ್ದವು, ಫ್ಯಾನಿನ ಗಾಳಿಗೆ ಎಂದು ಹೇಳಿಕೊಂಡೆ.

ಕೋರ್ಸು ಉಳಿಯಿತು. ರೇಣುಕಾ ಡಿಗ್ರಿ ಮುಗಿಸಿದಳು. ಮುಂದೆ ನಮ್ಮ ಕಾಲೇಜಿನಲ್ಲೇ ಪಾಠ ಹೇಳಲು ಬಂದಳು. ನಿವೃತ್ತಿಯ ದಿನ ಎಲ್ಲರಿಗಿಂತ ಜೋರಾಗಿ "ಬರ್ರಿ ಅಕ್ಕಾರ" ಎಂದವಳು ಅವಳೇ, ಅದೇ ದಪ್ಪ ಚಷ್ಮಾ. ಅಕ್ಕಾರ ನೇಮಕವೂ ಆಮೇಲೆ ಕಾಯಂ ಆಯಿತು. ಅದೆಲ್ಲ ಆಗಬೇಕಾದದ್ದೇ, ಆಯಿತು. ಆದರೆ ನನಗೆ ಇವತ್ತಿಗೂ ನೆನೆಸಿಕೊಂಡರೆ ಖುಷಿಯಾಗುವುದು ಸಮಿತಿ ಹೋದ ಮರುದಿನದ ಮುಂಜಾನೆ.

ನಾನೂ ಅಕ್ಕಾರೂ ಸ್ಟಾಫ್ ರೂಮಿನಲ್ಲಿ ಕೂತಿದ್ದೆವು. ಹೊರಗೆ ಬೂಟಿನ ಸದ್ದು ಕೇಳಿಸಿತು, ನಮ್ಮ ಪ್ರಾಚಾರ್ಯರದೇ. ಇನ್ನೇನು ಬಾಗಿಲು ಧಡ್ ಅನ್ನುತ್ತದೆ ಎಂದು ನಾನು ಚಹದ ಲೋಟ ಗಟ್ಟಿಯಾಗಿ ಹಿಡಿದುಕೊಂಡೆ. ಬಾಗಿಲು ಧಡ್ ಅನ್ನಲಿಲ್ಲ. ಮೆಲ್ಲಗೆ ಅರ್ಧ ತೆರೆಯಿತು. ಹೊಸ್ತಿಲಾಚೆ ನಮ್ಮ ಪ್ರಾಚಾರ್ಯರು ನಿಂತಿದ್ದರು. ಗಂಟಲು ಸರಿಮಾಡಿಕೊಂಡು, ಹೊಸದಾಗಿ ಕಲಿತ ಪಾಠ ಒಪ್ಪಿಸುವ ಹುಡುಗನ ಹಾಗೆ ಕೇಳಿದರು.

"ಅಕ್ಕಾರ... ಒಳಗ ಬರ್ಲೇನ್ರಿ?"

ಅಕ್ಕಾರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಇಬ್ಬರೂ ನಕ್ಕುಬಿಡುತ್ತಿದ್ದೆವು. ಅವರು ಎದ್ದು ನಿಂತು, ಒಂದು ಲೋಟ ತೆಗೆದಿಟ್ಟು, ಥರ್ಮಾಸಿನ ಮುಚ್ಚಳ ತಿರುಗಿಸಿದರು.

"ಬರ್ರಿ ಸರ್. ಸಕ್ಕರಿ ಎಷ್ಟು?"